ಪೈರು ತೋರಿಸಿಕೊಟ್ಟ ಹಳೆಯ ಒಕ್ಕಲು

ಒಂದೇ ಹೊಲದಲ್ಲಿ, ಒಂದೇ ದಿನ ಬಿತ್ತಿದ, ಒಂದೇ ತಳಿಯ ಪೈರು ಒಂದೆಡೆ ಹುಲುಸಾಗಿಯೂ ಮತ್ತೊಂದೆಡೆ ಬಡಕಲಾಗಿಯೂ ಬೆಳೆಯುವುದನ್ನು ರೈತರೆಲ್ಲರೂ ಕಂಡಿರುತ್ತಾರಷ್ಟೆ. ಬೀಜ ಗೊಬ್ಬರಗಳ ಹೆಚ್ಚುಕಡಮೆಯೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ನೇಗಿಲಿನ ಮೊನೆಗೆ ಎಟುಕದ ಆಳದ ಮಣ್ಣೂ ಇದಕ್ಕೆ ಕಾರಣವಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಹೊಲವೊಂದು ಉತ್ತಮ ನಿದರ್ಶನವಾಗಿದೆ.

ಆ ದೇಶದ ವಿಲ್ಟ್‌ಷೈರ್ ಸೀಮೆಯಲ್ಲಿ, ಸಾಲ್ಸ್‌ಬರಿ ಪಟ್ಟಣದ ಬಳಿ, ಲಿಟ್ಲ್ ವುಡ್‌ಬರಿ ಎಂಬ ಸ್ಥಳವಿದೆ. ನೆಲದ ಮೇಲೆ ನಿಂತವರಿಗೆ ಅದು ಬರಿಯ ಬೇಸಾಯದ ಭೂಮಿ. ವಿಮಾನದಿಂದ ತೆಗೆದ ಛಾಯಾಚಿತ್ರದಲ್ಲಾದರೋ, ಆವರಣದ ಗೆರೆಯೂ ಅದರೊಳಗೆ ಹಲವು ಚುಕ್ಕೆಗಳೂ ಕಂಡುಬಂದವು. 1938 ಮತ್ತು 1939ರಲ್ಲಿ ಗೆರ್ಹಾರ್ಡ್ ಬೆರ್ಸು ಎಂಬ ಜರ್ಮನ್ ವಿದ್ವಾಂಸರು ಅಲ್ಲಿ ಅಗೆಯಿಸಿ ನೋಡಲಾಗಿ, ಅದು ಕ್ರಿಸ್ತಪೂರ್ವದ ಕಬ್ಬಿಣಯುಗದ ಒಕ್ಕಲುಮನೆಯೆಂದು ತಿಳಿಯಿತು. ಸುಮಾರು 15 ಮೀಟರು ಅಡ್ಡಳತೆಯ ದುಂಡುಮನೆಯ ಕಂಬದ ಕುಳಿಗಳೂ, ಅನೇಕ ಗುಂಡಿಗಳೂ ದೊರೆತವು.

ಇಷ್ಟನ್ನು ಪೈರು ತೋರಿಸಿದ ಬಗೆ ಹೇಗೆ? ಅಲ್ಲಿ ತೆಳುವಾದ ಮೇಲ್ಮಣ್ಣಿನಡಿ ಬಿಳಿಯ ಸುಣ್ಣಕಲ್ಲಿನ ಪದರವಿದೆ. ಅದನ್ನು ಕಡಿದು ತೋಡಿದ ಕಂದಕ, ಗುಂಡಿಗಳು ಕಾಲಾಂತರದಲ್ಲಿ ಸಡಿಲವಾದ, ಸಾರವುಳ್ಳ ಮಣ್ಣಿನಿಂದ ತುಂಬಿಕೊಂಡವು. ಮಳೆ ಕಡಮೆಯಾದ ವರ್ಷ ಅಲ್ಲಿ ಬೇರು ಆಳಕ್ಕಿಳಿದು ತೇವವನ್ನು ಹೀರುವುದರಿಂದ ಪೈರು ಎತ್ತರವಾಗಿ, ಹೆಚ್ಚು ದಿನ ಹಸುರಾಗಿರುತ್ತದೆ. ಹೂತುಹೋದ ತಳಪಾಯದ ಮೇಲಿನ ಪೈರಾದರೆ ಬೇಗನೆ ಬಾಡುತ್ತದೆ. 2018ರ ಬೇಸಗೆಯಲ್ಲಿ ಬ್ರಿಟನ್ನಿನ ಹೊಲಗಳು ಒಣಗಿದಾಗ ಇಂತಹ ಅನೇಕ ಸ್ಥಳಗಳು ಹೊಸದಾಗಿ ಬೆಳಕಿಗೆ ಬಂದವು.

ಇಂತಹ ಗುಂಡಿಗಳನ್ನು ಜನರು ವಾಸಿಸುತ್ತಿದ್ದ ಮನೆಗಳೆಂದೇ ಮೊದಲು ವಿದ್ವಾಂಸರು ಎಣಿಸಿದ್ದರು. ಅವು ಧಾನ್ಯದ ಗುಂಡಿಗಳೆಂದು ಬೆರ್ಸು ತೋರಿಸಿಕೊಟ್ಟರು. ರಾಗಿ ಜೋಳಗಳನ್ನು ಹಗೇವಿನಲ್ಲಿ ತುಂಬಿಟ್ಟ ನಮ್ಮ ಹಿರಿಯರಿಗೆ ಈ ಸಂದೇಹವೇ ಬರುತ್ತಿರಲಿಲ್ಲ. ಹ್ಯಾಂಪ್‌ಷೈರಿನ ಬಟ್ಸರ್ ಎಂಬಲ್ಲಿ 1972ರಿಂದ ಪೀಟರ್ ರೆನಾಲ್ಡ್ಸ್ ಎಂಬವರು ಹಳೆಯ ಪದ್ಧತಿಯ ಬೇಸಾಯವನ್ನೇ ಮಾಡಿ, ಇಂತಹ ಗುಂಡಿಗಳನ್ನೂ ಪರೀಕ್ಷಿಸಿದರು. ಬಾಯಿಯನ್ನು ಭದ್ರವಾಗಿ ಮೆತ್ತಿದರೆ, ಅಂಚಿನ ಕೆಲವು ಕಾಳುಗಳು ಮೊಳೆತು ಒಳಗಿನ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲ ವಾಯುವನ್ನು ತುಂಬುತ್ತವೆ. ಉಳಿದ ಕಾಳು ಕೆಡದೆ ನಿಲ್ಲುತ್ತದೆ. ಹಗೇವನ್ನು ತೆರೆದೊಡನೆ ಇಳಿದವರ ಪ್ರಾಣಕ್ಕೆ ಅಪಾಯ ಬರುವುದೂ ಈ ವಾಯುವಿನಿಂದಲೇ. ಕಾಳನ್ನು ಕಾಯುವುದೇ ಮನುಷ್ಯನನ್ನು ಕೊಲ್ಲಬಲ್ಲುದು. ಆದುದರಿಂದ ಹಳೆಯ ಹಗೇವಿಗೆ ಯಾರೂ ಇಳಿಯತಕ್ಕದ್ದಲ್ಲ.

ಎರಡು ಸಾವಿರ ವರ್ಷಗಳಿಗೂ ಮಿಕ್ಕು ಉಳಿದ ಈ ಗುರುತುಗಳು ಆಳವಾದ ಉಳುಮೆಯಿಂದ ಕೆಲವೇ ವರ್ಷಗಳಲ್ಲಿ ಅಳಿಸಿಹೋಗಬಲ್ಲವು. ನಮ್ಮಲ್ಲಿಯೂ ಹಾಳೂರ ದಿಬ್ಬದ ಮಣ್ಣನ್ನು ಗೊಬ್ಬರಕ್ಕೆಂದು ಹೊಲಕ್ಕೆ ಹೊಡೆಯುವ ರೂಢಿಯುಂಟು. ಅದರೊಡನೆ ಹೋಗುವುದು ಬರಿಯ ಮಣ್ಣಲ್ಲ, ನಮಗಿಂತ ಮುಂಚೆ ಅದೇ ನೆಲವನ್ನು ಉತ್ತವರ ಸುದ್ದಿ.

ಆದಕಾರಣ ರೈತಬಾಂಧವರು ಮಳೆ ಹಿಂದೆಗೆದ ವರ್ಷ, ಕೊಯ್ಲಿಗೆ ಮುಂಚೆ, ಎತ್ತರದ ದಿಣ್ಣೆಯಿಂದ ತಮ್ಮ ಹೊಲವನ್ನೊಮ್ಮೆ ನೋಡಿ, ಪೈರು ಭೇದವಾಗಿರುವ ತಾಣಗಳನ್ನು ಗುರುತು ಮಾಡಿಕೊಳ್ಳಲಿ. ಅಲ್ಲಿಯ ಮಣ್ಣಿನ ಆಳವನ್ನು ತಿಳಿದು ಮುಂದಿನ ಬೇಸಾಯವನ್ನು ಯೋಚಿಸಲಿ. ಮಡಕೆಯ ಚೂರು, ಬೂದಿಮಣ್ಣು, ಕಲ್ಲಿನ ಸಾಲು ಕಂಡರೆ, ಮಟ್ಟ ಮಾಡುವ ಮುನ್ನ ಪುರಾತತ್ವ ಇಲಾಖೆಗೆ ತಿಳಿಸಲಿ.