ಆ ಮೊದಲ ಒಂದು ಗಂಟೆ ಓಡಿಸಬೇಡಿ

ಸಾಹಸ ಚಿತ್ರವೆಂದರೆ ಈಗ ಮೊದಲ ಐದು ನಿಮಿಷದಲ್ಲೇ ಏನಾದರೂ ಸಿಡಿಯಬೇಕು, ಯಾರಾದರೂ ಕಟ್ಟಡದಿಂದ ಜಿಗಿಯಬೇಕು. ಫ್ರಾನ್ಸಿನ ನಿರ್ದೇಶಕ ಆನ್ರಿ ಜಾರ್ಜ್ ಕ್ಲೂಜೊ 1953ರಲ್ಲಿ ತೆರೆಗೆ ತಂದ ‘ದಿ ವೇಜಸ್ ಆಫ್ ಫಿಯರ್’ನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಕಳೆದರೂ ಲಾರಿ ಹೊರಡುವುದಿಲ್ಲ. ರಿಮೋಟ್ ಹಿಡಿದು ಕೂತವರು ಎದ್ದುಹೋಗುವುದು ಇಲ್ಲೇ.

ಆ ಒಂದು ಗಂಟೆಯಲ್ಲಿ ನಡೆಯುವುದಾದರೂ ಏನು? ದಕ್ಷಿಣ ಅಮೆರಿಕದ ಲಾಸ್ ಪಿಯೆದ್ರಾಸ್ ಎಂಬ ಕಲ್ಪಿತ ಊರು. ಸುಡುಬಿಸಿಲು, ಕೆಸರು. ಯುರೋಪಿನಿಂದ ಬಂದು ಸಿಕ್ಕಿಹಾಕಿಕೊಂಡ ಗಂಡಸರಿಗೆ ಅಲ್ಲಿ ಕೆಲಸವಿಲ್ಲ, ವಾಪಸು ಹೋಗೋಣವೆಂದರೆ ವಿಮಾನದ ಟಿಕೆಟ್‌ಗೆ ದುಡ್ಡಿಲ್ಲ. ಅಷ್ಟರಲ್ಲಿ ಅಮೆರಿಕದ ಕಂಪನಿಯೊಂದರ ತೈಲಬಾವಿಗೆ ಬೆಂಕಿ ಬೀಳುತ್ತದೆ. ಅದನ್ನು ಆರಿಸಲು ದೊಡ್ಡ ಸ್ಫೋಟವೇ ಆಗಬೇಕು. ಅದರ ಹೊಡೆತಕ್ಕಷ್ಟೇ ಜ್ವಾಲೆ ಬಾವಿಯ ಬಾಯಿಂದ ಕಿತ್ತುಹೋಗುವುದು. ಬೇಕಾದ ನೈಟ್ರೋಗ್ಲಿಸರಿನ್ ಇರುವುದು ಈ ಊರಿನಲ್ಲಿ, ಬಾವಿ ಇರುವುದು 300 ಮೈಲಿ ಆಚೆ. ಜೋರಾಗಿ ಕುಲುಕಿದರೂ ಸಾಕು, ಸಿಡಿಯುವ ದ್ರವ ಅದು. ಸಾಗಿಸಲು ಸಾದಾ ಲಾರಿ ಎರಡು, ಚಾಲಕರು ನಾಲ್ವರು, ತಲೆಗೆ 2000 ಡಾಲರ್. ಈ ಅಲೆಮಾರಿಗಳಿಗೆ ಸಂಘವಿಲ್ಲ, ಸಂಸಾರವಿಲ್ಲ, ಸತ್ತರೆ ಕೇಳುವವರಿಲ್ಲ ಎಂಬುದು ಕಂಪನಿಯವರ ಲೆಕ್ಕ. ಆ ಲೆಕ್ಕ ಕಿವಿಗೆ ಬಿದ್ದ ಮೇಲೆ ನೋಡಿ, ಮುಂದಿನ ರಸ್ತೆಯ ಒಂದೊಂದು ಹೊಂಡವೂ ನಮ್ಮ ಹೊಟ್ಟೆಯೊಳಗೇ ಬಿದ್ದಂತಾಗುತ್ತದೆ.

ಬೆಟ್ಟದ ದಾರಿಯ ತಿರುವೊಂದನ್ನೇ ತೆಗೆದುಕೊಳ್ಳಿ. ಒಂದೇ ಸಲಕ್ಕೆ ಲಾರಿ ತಿರುಗುವಷ್ಟು ಜಾಗವಿಲ್ಲ. ಪ್ರಪಾತದ ಮೇಲಕ್ಕೆ ಚಾಚಿದ ಮರದ ಅಟ್ಟಣೆಗೆ ರಿವರ್ಸ್ ಹೋಗಿ, ಆಮೇಲೆ ಮುಂದಕ್ಕೆ ಎತ್ತಬೇಕು. ಹಲಗೆ ಲಡ್ಡಾಗಿದೆ. ಚಕ್ರ ಜಾರುತ್ತದೆ, ಮರ ಮುಲುಗುತ್ತದೆ. ಹಿನ್ನೆಲೆ ಸಂಗೀತದ ಆರ್ಭಟವಿಲ್ಲ, ಎಂಜಿನ್ನಿನ ಸದ್ದಷ್ಟೇ. ಮಾರಿಯೊ ಪಾತ್ರದ ಈವ್ ಮೊಂತಾನ್ ಮುಖದ ಬೆವರನ್ನು ಯಾವ ಗ್ರಾಫಿಕ್ಸೂ ಕೊಡಲಾರದು. ಇನ್ನೊಂದು ಕಡೆ ಕ್ಲೂಜೊ ತೋರಿಸುವುದು ಇಷ್ಟೇ: ಸಿಗರೇಟು ಸುತ್ತುತ್ತಿರುವವನ ಕೈಯಲ್ಲಿನ ಕಾಗದದಿಂದ ಹೊಗೆಸೊಪ್ಪು ಒಮ್ಮೆಲೇ ಹಾರಿಹೋಗುತ್ತದೆ. ಏಕೆಂದು ಇಲ್ಲಿ ಹೇಳಿದರೆ ಅನ್ಯಾಯವಾದೀತು.

ನನ್ನ ಮಟ್ಟಿಗೆ ಚಿತ್ರದ ಜೀವ ಜೊ ಪಾತ್ರದ ಶಾರ್ಲ್ ವನೆಲ್. ಬಿಳಿ ಸೂಟು ತೊಟ್ಟು ಬಂದು ಊರನ್ನೆಲ್ಲ ನಡುಗಿಸುವ ಜೊ, ಸ್ಟಿಯರಿಂಗ್ ಹಿಡಿದ ಮೇಲೆ ತಾನೇ ನಡುಗಲು ಶುರುಮಾಡುತ್ತಾನೆ. ಅವನನ್ನು ಗುರುವೆಂಬಂತೆ ಹಿಂಬಾಲಿಸಿದ್ದ ಮಾರಿಯೊ ಆಗ ಎಷ್ಟು ಕ್ರೂರಿಯಾಗುತ್ತಾನೆಂಬುದು ಮೊದಲ ಗಂಟೆಯನ್ನು ನೋಡಿದವರಿಗೆ ಮಾತ್ರ ಅರ್ಥವಾಗುವ ಸಂಗತಿ.

ಕೊರತೆ ಇಲ್ಲವೆಂದಲ್ಲ. ನಿರ್ದೇಶಕರ ಪತ್ನಿ ವೆರಾ ಕ್ಲೂಜೊ ನಟಿಸಿರುವ ಲಿಂಡಾ ಪಾತ್ರ ಗಂಡಸರ ಬೈಗುಳ ತಿನ್ನಲೆಂದೇ ಬರೆದಂತಿದೆ. ಇಂದಿನ ಕಣ್ಣಿಗೆ ಅದು ಚುಚ್ಚುತ್ತದೆ, ಚುಚ್ಚಲಿ.

ತೆರೆಕಂಡ ವರ್ಷವೇ ಬರ್ಲಿನ್ ಮತ್ತು ಕಾನ್ ಎರಡೂ ಚಿತ್ರೋತ್ಸವಗಳ ಅಗ್ರ ಪ್ರಶಸ್ತಿ ಗೆದ್ದ ಈ ಚಿತ್ರಕ್ಕೆ ಅಮೆರಿಕದಲ್ಲಿ ಕತ್ತರಿ ಬಿತ್ತು. ತೈಲ ಕಂಪನಿಯನ್ನು ಟೀಕಿಸುವ ಭಾಗಗಳೇ ಹೋದವು. ಈ ಚಿತ್ರಕ್ಕೆ ಮೂಲವಾದ, ಜಾರ್ಜ್ ಆರ್ನೋ ಬರೆದ ಕಾದಂಬರಿಯನ್ನೇ ಆಧರಿಸಿ ವಿಲಿಯಂ ಫ್ರೀಡ್ಕಿನ್ 1977ರಲ್ಲಿ ‘ಸಾರ್ಸರರ್’ ಮಾಡಿದರು. ಅದೂ ಚೆನ್ನಾಗಿದೆ, ಆದರೆ ಅದನ್ನು ಆಮೇಲೆ ನೋಡಿ. ಇದನ್ನು ಮೊಬೈಲಿನಲ್ಲಿ ಬೇಡ, ಟಿ.ವಿ.ಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು, ಸುಮಾರು ಎರಡೂವರೆ ಗಂಟೆಯ ಪೂರ್ಣ ಆವೃತ್ತಿಯನ್ನೇ ಹುಡುಕಿ ನೋಡಿ.