ಕೈ ಬೀಳೋದಿಲ್ಲರೀ!

ನಂಬಿಕೆ: ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಮ್ ಮಾಡಿಸಿದರೆ ಆ ಕೈಗೆ ರಕ್ತ ನಿಂತುಹೋಗಿ, ಮುಂದೆ ಕುಂಟೆ ಹಿಡಿಯಲೂ ಬಾರದಂತಾಗುತ್ತದೆ.

ಹೊಸಹಳ್ಳಿ ಸೀಮೆಯಿಂದ ದಾವಣಗೆರೆಗೋ ಬಳ್ಳಾರಿಗೋ ರೋಗಿಯನ್ನು ಕರೆದೊಯ್ದವರು ಹೃದಯದ ಗತಿ ಕೇಳುವ ಮೊದಲೇ ‘ಕೈಗೆ ಬ್ಯಾಡ್ರಿ, ತೊಡ್ಯಾಗ ಮಾಡ್ರಿ’ ಎಂದು ಹಟ ಹಿಡಿಯುತ್ತಾರೆ. ಕಾರಣ ಕೇಳಿದರೆ, ಯಾರೋ ಯಾರಿಗೋ ಹೇಳಿದ್ದು.

ಸತ್ಯ: ಅಂಗೈಗೆ ರಕ್ತ ತರುವ ಮುಖ್ಯ ಅಪಧಮನಿಗಳು ಎರಡು. ಹೆಬ್ಬೆರಳ ಕಡೆಯದು ರೇಡಿಯಲ್, ಕಿರುಬೆರಳ ಕಡೆಯದು ಅಲ್ನಾರ್. ಅಂಗೈಯೊಳಗೆ ಎರಡೂ ಕೂಡಿಕೊಳ್ಳುತ್ತವೆ. ಎರಡು ಬೋರಿರುವ ತೋಟದಲ್ಲಿ ಒಂದು ನಿಂತ ಮಾತ್ರಕ್ಕೆ ಬೆಳೆ ಒಣಗೀತೆ? ರೇಡಿಯಲ್ಲಿಗೆ ಇಳಿಸುವ ಕೊಳವೆಯ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಡುತ್ತಾರೆ, ಅಪಧಮನಿ ಸೆಟೆದುಕೊಳ್ಳದಿರಲು ಮತ್ತೊಂದು ಔಷಧಿ. ಮುಗಿದ ಮೇಲೆ ಗಾಳಿ ತುಂಬಿದ ಪಟ್ಟಿ ಬಿಗಿದು, ಕೆಲವು ಗಂಟೆಗಳಲ್ಲಿ ಸಡಿಲಿಸುತ್ತಾರೆ. ಕೆಲವರಲ್ಲಿ ಆ ಅಪಧಮನಿ ಮುಚ್ಚಿಕೊಳ್ಳುವುದುಂಟು. ಬಹುಪಾಲು ಮಂದಿಗೆ ಅದು ಗೊತ್ತೇ ಆಗುವುದಿಲ್ಲ. ನಾಲ್ಕಾರು ದಿನ ನೋವು, ನೀಲಿ ಕಲೆ ಇದ್ದೀತು. ಆಗ ಭಾರ ಎತ್ತದಿದ್ದರಾಯಿತು.

ತೊಡೆ ಸುರಕ್ಷಿತವೇ? ಅಲ್ಲಿಂದ ಮಾಡಿದರೆ ಗಂಟೆಗಟ್ಟಲೆ ಕಾಲು ಮಡಚದೆ ಮಲಗಬೇಕು. ರಕ್ತ ಸೋರಿ ಹೊಟ್ಟೆಯ ಹಿಂಭಾಗ ಸೇರಿದರೆ ಹೊರಗೆ ಕಾಣುವುದೂ ಇಲ್ಲ. ಮಣಿಕಟ್ಟಿನ ದಾರಿಯ ಮೊದಲ ನೂರು ರೋಗಿಗಳ ವರದಿಯನ್ನು ಮಾಂಟ್ರಿಯಲ್‌ನ ವೈದ್ಯ ಲೂಸಿಯಾನ್ ಕಾಂಪೋ 1989ರಲ್ಲೇ ಪ್ರಕಟಿಸಿದರು. 2015ರ ಮ್ಯಾಟ್ರಿಕ್ಸ್ ಅಧ್ಯಯನದಲ್ಲಿ ತುರ್ತು ಹೃದ್ರೋಗದ 8,404 ಮಂದಿಯನ್ನು ಹೋಲಿಸಿದಾಗ, ಕೈಯಿಂದ ಮಾಡಿಸಿಕೊಂಡವರಲ್ಲಿ ರಕ್ತಸ್ರಾವವೂ ಕಡಿಮೆ, ಸಾವೂ ಕಡಿಮೆ. ಅಪಧಮನಿ ತೀರ ಸಣ್ಣದಿದ್ದರೆ, ಅಂಕುಡೊಂಕಾಗಿದ್ದರೆ ತೊಡೆಯೇ ಬೇಕಾದೀತು. ಅದನ್ನು ನಿರ್ಧರಿಸುವವರು ವೈದ್ಯರು, ಬೀಗರಲ್ಲ.

ಇಂಥವೇ ಇನ್ನೂ ಕೆಲವು ನಂಬಿಕೆಗಳಿವೆ. ‘ಕೈಯಲ್ಲಿ ಬರೀ ಟೆಸ್ಟ್, ಸ್ಟೆಂಟ್‌ಗೆ ತೊಡೆಯೇ ಆಗಬೇಕು’ — ಕೈಯಿಂದಲೇ ಸ್ಟೆಂಟ್ ಕೂರಿಸಲು ತೊಡಗಿ ಮೂವತ್ತು ವರ್ಷ ದಾಟಿತು. ‘ಆಂಜಿಯೋಗ್ರಾಮ್ ಆಯಿತು, ಬ್ಲಾಕ್ ಹೋಯಿತು’ — ಅದು ಚಿತ್ರ ತೆಗೆಯುವುದು, ಚಿಕಿತ್ಸೆಯಲ್ಲ. ‘ಸ್ಟೆಂಟ್ ಬಿತ್ತು, ಇನ್ನು ಗುಳಿಗೆ ಯಾಕೆ’ — ಹೇಳದೆ ಕೇಳದೆ ಗುಳಿಗೆ ಬಿಟ್ಟರೆ ಸ್ಟೆಂಟೊಳಗೇ ರಕ್ತ ಹೆಪ್ಪುಗಟ್ಟಬಹುದು.

ಬೇಸರವಾಗುವುದು ಅಜ್ಞಾನಕ್ಕಲ್ಲ. ಬಿತ್ತನೆ ಬೀಜಕ್ಕೆ ನಾಲ್ಕು ಅಂಗಡಿ ತಿರುಗಿ ವಿಚಾರಿಸುವ ನಾವು ಎದೆಯ ವಿಷಯದಲ್ಲಿ ಮೊಬೈಲಿಗೆ ಬಂದ ಮೊದಲ ವಿಡಿಯೊವನ್ನೇ ನಂಬುತ್ತೇವೆ. ಎದೆ ಹಿಂಡಿದರೆ ‘ಗ್ಯಾಸು’ ಎಂದು ಸೋಡಾ ಕುಡಿಸಿ ಕೂರಿಸುತ್ತೇವೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಸಿಜಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲು ಬಂದಿದೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಿ. ಕೈಯೋ ತೊಡೆಯೋ ಎಂಬ ಪಂಚಾಯಿತಿಯನ್ನು ಬದುಕಿ ಬಂದ ಮೇಲೆ ಮಾಡೋಣ.