ಕಾವೇರಿಗೆ ಹೋದ ನಮ್ಮ ಸೀಮೆಯ ಮೀನು

ಕೋಟುಮಚಗಿಯಂಥ ಎರೆಹೊಲದ ಊರಿಗೆ ಹೊಳೆ ದೂರ. ಗದಗ ಜಿಲ್ಲೆಯ ಉತ್ತರದಂಚಿಗೆ ಮಲಪ್ರಭೆ, ಮುಂಡರಗಿ–ಶಿರಹಟ್ಟಿ ಕಡೆ ತುಂಗಭದ್ರೆ. ಎರಡೂ ಸೇರುವುದು ಕೃಷ್ಣೆಯನ್ನೇ. ಈ ಕೃಷ್ಣೆಯ ಬಳಗದ ಮೀನೊಂದು ಕಾವೇರಿಗೆ ಹೋಗಿ ಅಲ್ಲಿನ ಮೂಲನಿವಾಸಿಯನ್ನೇ ಮೂಲೆಗೊತ್ತಿತು. ಆ ಕಥೆಯಲ್ಲಿ ಗಾಳ ಹಾಕುವವರು ಕಟ್ಟಿದ ಪರವಾನಗಿ ಹಣಕ್ಕೂ ಪಾಲಿದೆ.

ಮೀನು ಮಹಶೀರ್, ನಮ್ಮವರ ಬಾಯಲ್ಲಿ ಬಿಳಿಮೀನು. ಶೃಂಗೇರಿಯಲ್ಲಿ ತುಂಗೆಯ ಮಹಶೀರನ್ನು ದೇವರೇ ಕಾಯುತ್ತಾನೆ, ಕಾವಲಿಗೆ ಪರವಾನಗಿಯ ಹಣ ಬೇಕಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರಿಗೆ ಹೆಚ್ಚಿನ ಕಡೆ ಅಂಥ ಭಾಗ್ಯವಿರಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಮುಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಹೆಚ್ಚಿತು.

1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿ ಪಾತ್ರದ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆ ಹಿಡಿಯಿತು. ಗಾಳಕ್ಕೆ ಪರವಾನಗಿ, ಪರವಾನಗಿಗೆ ಶುಲ್ಕ. ಹಿಡಿದದ್ದನ್ನು ತೂಗಿ ಮತ್ತೆ ನೀರಿಗೆ ಬಿಡಬೇಕು. ಆ ದುಡ್ಡಿನಲ್ಲಿ ಕಾವಲುಗಾರರು ಬಂದರು, ನಿನ್ನೆಯ ಕಳ್ಳಬೇಟೆಗಾರರಿಗೂ ಸಂಬಳ ಸಿಕ್ಕಿತು. ಕೊಡಗಿನ ವನ್ಯಜೀವಿ ಸಂಘವೂ ವಾಲ್ನೂರಿನಲ್ಲಿ ಇದೇ ದಾರಿ ಹಿಡಿಯಿತು. ನನ್ನ ಮಟ್ಟಿಗೆ, ಇಲ್ಲಿಯವರೆಗಿನದು ಅಚ್ಚುಕಟ್ಟಾದ ಕೆಲಸ.

ಎಡವಿದ್ದು ಹೊಳೆಯಲ್ಲಿ ಮೀನು ಹೆಚ್ಚಿಸಲೆಂದು ಮರಿ ಬಿಡುವಲ್ಲಿ. ಆಗ ಮರಿ ಹೇರಳವಾಗಿ ಸಿಗುತ್ತಿದ್ದದ್ದು ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರದಲ್ಲಿ, ಸಿ.ವಿ. ಕುಲಕರ್ಣಿ, ಎಸ್.ಎನ್. ಓಗಲೆ ಅಲ್ಲಿ ಮಹಶೀರ್ ಮೊಟ್ಟೆ ಮರಿಯಾಗಿಸುವ ವಿದ್ಯೆಯನ್ನು ಪಳಗಿಸಿದ್ದರು. ಆದರೆ ಅದು ನೀಲಿ ರೆಕ್ಕೆಯ ಮಹಶೀರ್. 1839ರಲ್ಲಿ ಸೈಕ್ಸ್ ಅದನ್ನು ಮೊದಲು ವರ್ಣಿಸಿದ್ದು ಪುಣೆಯ ಮುಳಾ–ಮುಠಾ ಹೊಳೆಯಿಂದ. ಅದೂ ಕೃಷ್ಣೆಗೇ ಸೇರುವ ನೀರು. ಮಹಶೀರ್ ಅಂದರೆ ಮಹಶೀರ್ ಎಂದುಕೊಂಡು ಮರಿಗಳನ್ನು ಕಾವೇರಿಗೆ ಸುರಿದರು. ಊರಕೆರೆಗೆ ಗಂಗೆಯ ಕಾಟ್ಲಾ, ರೋಹು ಬಿಟ್ಟಷ್ಟೇ ಸಲೀಸಾಗಿ! ಕೆರೆಯಾದರೆ ಬೇಸಿಗೆಗೆ ಬತ್ತಿ ಲೆಕ್ಕ ಚುಕ್ತಾ ಆಗುತ್ತದೆ. ಹೊಳೆಗೆ ಬಿಟ್ಟದ್ದನ್ನು ವಾಪಸು ಕರೆಯುವವರಾರು?

ಎಡವಟ್ಟು ಬಯಲಾದದ್ದು ಗಾಳದವರ ಕಡತದಿಂದಲೇ ಎಂಬುದು ಸೋಜಿಗ. ಕಾವೇರಿ ದಡದ ಗಾಲಿಬೋರೆ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಪ್ರತಿ ಮೀನನ್ನೂ ಬರೆದಿಟ್ಟಿದ್ದರು: 23,620 ಗಂಟೆಗಳ ಗಾಳ, 6,161 ಮಹಶೀರ್. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರ ಸಂಶೋಧಕರು ಅದನ್ನು ತೆರೆದು ನೋಡಿದರು. ವರ್ಷ ಕಳೆದಂತೆ ಸಿಕ್ಕ ಮೀನು ಹೆಚ್ಚಿತ್ತು, ತೂಕ ಇಳಿದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಅಪರೂಪವಾಗುತ್ತ ಬಂದಿತ್ತು. ಬರೀ ಒಟ್ಟು ಎಣಿಸಿದ್ದರೆ ಯೋಜನೆ ಗೆದ್ದಂತೆಯೇ ಕಾಣುತ್ತಿತ್ತು.

ಅಷ್ಟರಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳಕ್ಕೆ ನಿಷೇಧ ಬಂತು. ಶುಲ್ಕ ನಿಂತಿತು, ಅದರ ಬಲದ ಕಾವಲೂ ಹೋಯಿತು. ನಿಲ್ಲಿಸಬೇಕಿದ್ದದ್ದು ಬೇರೆ ಹೊಳೆಯ ಮರಿಯನ್ನು; ಕಾವಲು ಹಾಗೇ ಉಳಿಯಬೇಕಿತ್ತು. ಗೂನುಬೆನ್ನಿನ ಮೀನು ಟಾರ್ ರೆಮಾದೇವಿಯೈ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಯನ್ನೂ ಸೇರಿತು.